ವಾಲ್ವಿನ ಸತ್ವಪರೀಕ್ಷೆ

ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ತೆಗೆದು ನೋಡಿದರೆ ಒಳಗೆ ಸಾಲಾಗಿ ನಿಂತಿರುವ ಗಾಜಿನ ನಳಿಕೆಗಳು ಕಾಣುತ್ತವೆ. ವಿದ್ಯುತ್ತನ್ನು ಹಾಯಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಅವುಗಳ ನಡುವೆ ಕೆಂಡದಂಥ ಕಾಂತಿ ಮೂಡುತ್ತದೆ. ಇವೇ ನಿರ್ವಾತ ನಳಿಕೆಗಳು. ರೇಡಿಯೋ ಕೆಲಸಗಾರರ ಮಾತಿನಲ್ಲಿ ವಾಲ್ವುಗಳು. ಕೆಂಡ ಕಾಣಿಸಿದರೆ ವಾಲ್ವು ಚೆನ್ನಾಗಿದೆ ಎಂದು ಹಲವರು ನಂಬುವುದುಂಟು. ಆದರೆ ಆ ಬೆಳಕು ತಿಳಿಸುವುದು ಒಂದೇ ಸಂಗತಿಯನ್ನು. ಕಾಯಿಸುವ ತಂತಿ ತುಂಡಾಗಿಲ್ಲವೆಂಬುದನ್ನು. ವಾಲ್ವು ತನಗೆ ವಹಿಸಿದ ಕೆಲಸವನ್ನು ಎಷ್ಟರಮಟ್ಟಿಗೆ ಮಾಡಬಲ್ಲದು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಉತ್ತರ ಬೇಕಾದರೆ ಅಳೆಯಬೇಕು. ಅಳೆಯತಕ್ಕ ಗುಣದ ಹೆಸರು ಪರಸ್ಪರ ವಾಹಕತೆ. ಅದೇನು, ಅದನ್ನು ಅಳೆಯುವ ವಿದ್ಯುನ್ಮಂಡಲವನ್ನು ಹೇಗೆ ಕಟ್ಟಬಹುದು, ಬಂದ ಅಂಕಿಯನ್ನು ಎಷ್ಟು ನಂಬಬಹುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಟ್ರಾನ್ಸಿಸ್ಟರು ಬಂದ ಮೇಲೆ ವಾಲ್ವಿನ ಮಾತೇಕೆ ಎಂದು ವಾಚಕರು ಕೇಳಬಹುದು. ಗಿಟಾರಿನ ಧ್ವನಿವರ್ಧಕಗಳಲ್ಲಿಯೂ ಸಂಗೀತಪ್ರಿಯರ ಕೆಲವು ಯಂತ್ರಗಳಲ್ಲಿಯೂ ಅವು ಇಂದಿಗೂ ಬಳಕೆಯಲ್ಲಿವೆ. ಸ್ಲೊವಾಕಿಯ, ರಷ್ಯ, ಚೀನ ದೇಶಗಳಲ್ಲಿ ಹೊಸದಾಗಿ ತಯಾರಾಗುತ್ತಲೂ ಇವೆ. ನಮ್ಮ ನಾಡಿಗೂ ಈ ವಿದ್ಯೆಯ ನಂಟು ಉಂಟು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಆ ಸಂಸ್ಥೆಯ ಮುದ್ರೆಯುಳ್ಳ ವಾಲ್ವುಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಕಣ್ಣಿಗೆ ಬೀಳುವುದುಂಟು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಟ್ರಯೋಡಿನ ಗುಣರೇಖೆಗಳನ್ನು ಬರೆಯುವ ಪ್ರಯೋಗ ಬಹುಕಾಲ ಪಾಠಪಟ್ಟಿಯಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ವಾಲ್ವಿನಲ್ಲಿ ಕಲಿತ ಈ ಗುಣವೇ ಇಂದಿನ ಟ್ರಾನ್ಸಿಸ್ಟರಿನ ಲೆಕ್ಕಾಚಾರದಲ್ಲಿಯೂ ಮುಂದುವರಿದಿದೆ.

ವಾಲ್ವಿನ ಒಳಗೆ

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನು ನಿರ್ಮಿಸಿದನು. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ಋಣಧ್ರುವದಿಂದ, ಎಂದರೆ ಕ್ಯಾಥೋಡಿನಿಂದ, ಎಲೆಕ್ಟ್ರಾನುಗಳು ಹೊರಬರುತ್ತವೆ. ಎದುರಿನ ಧನಧ್ರುವ, ಎಂದರೆ ಆನೋಡ್, ಅವುಗಳನ್ನು ಸೆಳೆದುಕೊಳ್ಳುತ್ತದೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಮೂರನೆಯ ಧ್ರುವವೊಂದನ್ನು ಸೇರಿಸಿದನು. ತಂತಿಯ ಜಾಲರಿಯಂತಿರುವ ಇದಕ್ಕೆ ಗ್ರಿಡ್ ಎಂದು ಹೆಸರು. ಹೀಗೆ ಟ್ರಯೋಡ್ ಹುಟ್ಟಿತು.

ಗ್ರಿಡ್ ಕ್ಯಾಥೋಡಿಗೆ ಬಹು ಸಮೀಪದಲ್ಲಿರುತ್ತದೆ. ಅದರ ಮೇಲೆ ಋಣ ವಿಭವವನ್ನಿಟ್ಟರೆ ಎಲೆಕ್ಟ್ರಾನುಗಳಿಗೆ ತಡೆ ಹೆಚ್ಚುತ್ತದೆ. ಆ ವಿಭವವನ್ನು ಇಳಿಸಿದರೆ ತಡೆ ಸಡಿಲವಾಗುತ್ತದೆ. ಗ್ರಿಡ್ ಋಣವಾಗಿರುವುದರಿಂದ ಎಲೆಕ್ಟ್ರಾನುಗಳು ಅದರ ಮೇಲೆ ಇಳಿಯುವುದಿಲ್ಲ. ಆದಕಾರಣ ಗ್ರಿಡ್ಡಿಗೆ ಪ್ರವಾಹ ಬೇಕಾಗುವುದೇ ಇಲ್ಲವೆನ್ನಬಹುದು. ವಿಭವದ ಸನ್ನೆ ಮಾತ್ರದಿಂದ ಆನೋಡಿನ ಪ್ರವಾಹವನ್ನು ಏರಿಳಿಸುವುದೇ ವಾಲ್ವಿನ ಹಿರಿಮೆ.

ಕೆರೆಯ ತೂಬನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕ್ಯಾಥೋಡ್ ಕೆರೆ, ಆನೋಡ್ ಕಾಲುವೆ, ಗ್ರಿಡ್ ತೂಬು. ತೂಬನ್ನು ಎತ್ತುವವನ ಬಲ ಅಲ್ಪವಾದುದು. ಅದರಿಂದ ಹರಿಯುವ ನೀರಿನ ಬಲ ಬಹು ದೊಡ್ಡದು.

ಪರಸ್ಪರ ವಾಹಕತೆ ಎಂದರೇನು?

ತೂಬನ್ನು ಒಂದು ಬೆರಳಿನಷ್ಟು ಎತ್ತಿದಾಗ ಕಾಲುವೆಯ ನೀರು ಎಷ್ಟು ಹೆಚ್ಚಿತು ಎಂದು ಕೇಳುವಂತೆ, ಗ್ರಿಡ್ಡಿನ ವಿಭವ 1 ವೋಲ್ಟ್ ಬದಲಾದಾಗ ಆನೋಡಿನ ಪ್ರವಾಹ ಎಷ್ಟು ಬದಲಾಯಿತು ಎಂದು ನಾವು ಕೇಳಬಹುದು. ಆನೋಡಿನ ವಿಭವವನ್ನು ಮಾತ್ರ ಬದಲಾಗದಂತೆ ನಿಲ್ಲಿಸಿರಬೇಕು. ಆಗ

ಪರಸ್ಪರ ವಾಹಕತೆ = ಆನೋಡ್ ಪ್ರವಾಹದಲ್ಲಾದ ಬದಲಾವಣೆ ÷ ಗ್ರಿಡ್ ವಿಭವದಲ್ಲಾದ ಬದಲಾವಣೆ.

ಸಾಮಾನ್ಯ ತಂತಿಯ ವಾಹಕತೆಯನ್ನು ಹೇಳುವಾಗ ಪ್ರವಾಹವೂ ವಿಭವವೂ ಒಂದೇ ತಂತಿಗೆ ಸೇರಿದವು. ಇಲ್ಲಿಯಾದರೋ ವಿಭವ ಒಂದು ಧ್ರುವಕ್ಕೆ ಸೇರಿದ್ದು, ಪ್ರವಾಹ ಇನ್ನೊಂದಕ್ಕೆ ಸೇರಿದ್ದು. ಇದರಿಂದಲೇ ‘ಪರಸ್ಪರ’ ಎಂಬ ವಿಶೇಷಣ ಬಂದಿದೆ.

ಇದರ ಮಾನ ಬಹುಕಾಲ ‘ಮ್ಹೋ’ ಎಂದಿತ್ತು. ‘ಓಮ್’ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಮಾಡಿದ ಹೆಸರು ಇದು. 1971ರಲ್ಲಿ ಅಂತರರಾಷ್ಟ್ರೀಯ ಮಾನಪದ್ಧತಿ ಇದಕ್ಕೆ ‘ಸೀಮೆನ್ಸ್’ ಎಂಬ ಹೆಸರನ್ನು ಅಂಗೀಕರಿಸಿತು. ವಾಲ್ವಿನ ಕೆಲಸಕ್ಕೆ ‘ವೋಲ್ಟಿಗೆ ಇಷ್ಟು ಮಿಲಿಆಂಪಿಯರ್’ ಎಂಬುದೇ ಅನುಕೂಲ. ವೋಲ್ಟಿಗೆ 1 ಮಿಲಿಆಂಪಿಯರ್ ಎಂದರೆ 1,000 ಮೈಕ್ರೋಮ್ಹೋ.

ನಮ್ಮ ಪ್ರಯೋಗಕ್ಕೆ ಇಸಿಸಿ 82 ಎಂಬ ವಾಲ್ವನ್ನು ಆರಿಸಿಕೊಳ್ಳೋಣ. ಅಮೆರಿಕದವರು ಇದನ್ನೇ 12ಎಯು7 ಎಂದು ಕರೆಯುತ್ತಾರೆ. ಒಂದೇ ಬುರುಡೆಯಲ್ಲಿ ಎರಡು ಟ್ರಯೋಡುಗಳಿವೆ. ತಯಾರಕರ ಪಟ್ಟಿಯಂತೆ ಆನೋಡಿಗೆ 250 ವೋಲ್ಟ್, ಗ್ರಿಡ್ಡಿಗೆ ಋಣ 8.5 ವೋಲ್ಟ್ ಕೊಟ್ಟಾಗ ಪ್ರತಿಯೊಂದು ಟ್ರಯೋಡಿನಲ್ಲಿ 10.5 ಮಿಲಿಆಂಪಿಯರ್ ಹರಿಯಬೇಕು. ಪರಸ್ಪರ ವಾಹಕತೆ ವೋಲ್ಟಿಗೆ 2.2 ಮಿಲಿಆಂಪಿಯರ್ ಇರಬೇಕು. ಆಂತರಿಕ ರೋಧ 7,700 ಓಮ್, ವರ್ಧನಾಂಕ 17.

ಇದನ್ನೇ ಏಕೆ ಅಳೆಯಬೇಕು?

ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ಅಗ್ಗದ ಪರೀಕ್ಷಾಯಂತ್ರಗಳು ಹೆಚ್ಚಾಗಿ ಉತ್ಸರ್ಜನ ಪರೀಕ್ಷೆಯನ್ನು ಮಾಡುತ್ತಿದ್ದವು. ಗ್ರಿಡ್ಡನ್ನು ಆನೋಡಿಗೆ ಸೇರಿಸಿ, ವಾಲ್ವಿನಲ್ಲಿ ಎಷ್ಟು ಪ್ರವಾಹ ಹರಿಯುತ್ತದೆಂದು ನೋಡುವುದೇ ಈ ಪರೀಕ್ಷೆ. ಇದು ಕೆರೆಯಲ್ಲಿ ನೀರಿದೆಯೇ ಎಂದು ಕೇಳಿದಂತೆ. ತೂಬು ಹೇಳಿದ ಮಾತು ಕೇಳುತ್ತದೆಯೇ ಎಂಬುದು ಬೇರೆಯ ಪ್ರಶ್ನೆ. ವಾಲ್ವನ್ನು ನಾವು ಕೊಳ್ಳುವುದು ಆ ಎರಡನೆಯ ಪ್ರಶ್ನೆಗಾಗಿ.

ಐದು ಧ್ರುವಗಳ ಪೆಂಟೋಡ್ ವಾಲ್ವಿನಲ್ಲಿ ವರ್ಧನೆಯು ಹೆಚ್ಚುಕಡಿಮೆ ಪರಸ್ಪರ ವಾಹಕತೆಯನ್ನು ಭಾರದ ರೋಧದಿಂದ ಗುಣಿಸಿದಷ್ಟಿರುತ್ತದೆ. ವಾಹಕತೆ ವೋಲ್ಟಿಗೆ 2 ಮಿಲಿಆಂಪಿಯರ್, ರೋಧ 50,000 ಓಮ್ ಆದರೆ ವರ್ಧನೆ ಸುಮಾರು 100. ವಾಹಕತೆ 1.2ಕ್ಕೆ ಇಳಿದರೆ ವರ್ಧನೆಯೂ 60ಕ್ಕೆ ಇಳಿಯಿತು. ಟ್ರಯೋಡಿನಲ್ಲಿ ವರ್ಧನೆ ಅಷ್ಟಾಗಿ ಕುಗ್ಗದಿದ್ದರೂ ವಾಲ್ವಿನ ಸ್ವಂತ ಗದ್ದಲ ಹೆಚ್ಚುತ್ತದೆ. ಟ್ರಯೋಡಿನ ಗದ್ದಲವನ್ನು ಒಂದು ರೋಧಕದ ಗದ್ದಲಕ್ಕೆ ಹೋಲಿಸುವುದು ವಾಡಿಕೆ; ಆ ರೋಧ ಸುಮಾರು 2.5ನ್ನು ವಾಹಕತೆಯಿಂದ ಭಾಗಿಸಿದಷ್ಟು. ವಾಹಕತೆ 2.2 ಇದ್ದಾಗ ಅದು ಸುಮಾರು 1,140 ಓಮ್, 1.5ಕ್ಕೆ ಇಳಿದಾಗ ಸುಮಾರು 1,670 ಓಮ್. ದೂರದ ನಿಲಯದ ಕ್ಷೀಣವಾದ ಧ್ವನಿ ಆ ಗದ್ದಲದಲ್ಲಿ ಮುಳುಗಿಹೋಗುವುದು.

ವಾಹಕತೆಯ ಕುಂದು ಎಷ್ಟು ದೊಡ್ಡ ಕೆಲಸವನ್ನು ಕೆಡಿಸಬಲ್ಲದು ಎಂಬುದಕ್ಕೆ ಗಣಕಯಂತ್ರಗಳ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1940ರ ದಶಕದ ಕೊನೆಯಲ್ಲಿ ‘ವರ್ಲ್‌ವಿಂಡ್’ ಎಂಬ ಗಣಕವನ್ನು ಕಟ್ಟುತ್ತಿದ್ದಾಗ ಒಂದು ವಿಚಿತ್ರ ರೋಗ ಕಂಡುಬಂತು. ದೀರ್ಘಕಾಲ ಪ್ರವಾಹವಿಲ್ಲದೆ ಬರಿದೆ ಕಾದುಕೊಂಡು ನಿಂತಿದ್ದ ವಾಲ್ವುಗಳು, ಕರೆ ಬಂದಾಗ ದುರ್ಬಲವಾಗಿರುತ್ತಿದ್ದವು. ಕ್ಯಾಥೋಡ್ ಎಂಬುದು ನಿಕ್ಕಲ್ ಕೊಳವೆಯ ಮೇಲೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪ. ನಿಕ್ಕಲಿನಲ್ಲಿ ಬೆರೆತಿದ್ದ ಸಿಲಿಕನ್ ಆ ಲೇಪದೊಡನೆ ಕೂಡಿ ನಡುವೆ ಒಂದು ತೆಳುಪದರವನ್ನು ಬೆಳೆಸುತ್ತಿತ್ತು. ಈ ಪದರ ಕ್ಯಾಥೋಡಿಗೆ ಸೇರಿಸಿದ ರೋಧಕದಂತೆ ವರ್ತಿಸುತ್ತಿತ್ತು. ಸಿಲಿಕನ್ ಬಹು ಕಡಮೆಯಿರುವ ನಿಕ್ಕಲನ್ನು ಬಳಸಿ ಈ ರೋಗವನ್ನು ಹತೋಟಿಗೆ ತಂದರು.

ಇಂಥ ಪದರದ ರೋಧ 50 ಓಮ್ ಎಂದಿಟ್ಟುಕೊಂಡರೆ, ನಮ್ಮ ಇಸಿಸಿ 82ರಲ್ಲಿ ವಾಹಕತೆ ಶೇಕಡ 10ರಷ್ಟು ಮಾತ್ರ ಕುಗ್ಗುವುದು. ಆದರೆ ವೋಲ್ಟಿಗೆ 12.5 ಮಿಲಿಆಂಪಿಯರ್ ವಾಹಕತೆಯುಳ್ಳ ಇಸಿಸಿ 88ರಂಥ ವಾಲ್ವಿನಲ್ಲಿ ಅದೇ 50 ಓಮ್ ವಾಹಕತೆಯನ್ನು 7.7ಕ್ಕೆ ಇಳಿಸಿಬಿಡುವುದು. ವಾಲ್ವು ಚುರುಕಾದಷ್ಟೂ ಅದರ ಕಾಯಿಲೆಯ ಪರಿಣಾಮ ಹೆಚ್ಚು.

1956ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲನೆಯ ಟೆಲಿಫೋನ್ ಕೇಬಲ್ಲಿನಲ್ಲಿಯೂ ಧ್ವನಿಯನ್ನು ದಾರಿಯುದ್ದಕ್ಕೂ ವರ್ಧಿಸುತ್ತಿದ್ದವು ವಾಲ್ವುಗಳೇ. ಕೆಟ್ಟದ್ದನ್ನು ಬದಲಿಸಲು ಸಾಗರದ ತಳಕ್ಕೆ ಇಳಿಯುವುದು ಸಾಧ್ಯವೆ? ಆದಕಾರಣ ವಾಲ್ವುಗಳನ್ನು ದೀರ್ಘಕಾಲ ಓಡಿಸಿ, ಅಳೆದು, ಆರಿಸಿ ತೆಗೆದ ಮೇಲೆಯೇ ಕೇಬಲ್ಲಿಗೆ ಸೇರಿಸಿದರು. ಆ ಕೇಬಲ್ 1978ರವರೆಗೆ ಕೆಲಸಮಾಡಿತು.

ಮೊದಲನೆಯ ವಿಧಾನ

ವಾಹಕತೆಯ ವ್ಯಾಖ್ಯೆಯನ್ನೇ ಪ್ರಯೋಗವಾಗಿ ಮಾಡುವುದು ಮೊದಲನೆಯ ವಿಧಾನ. ಆನೋಡಿಗೆ 250 ವೋಲ್ಟ್ ಕೊಟ್ಟು ಗ್ರಿಡ್ಡನ್ನು ಋಣ 9 ವೋಲ್ಟಿನಲ್ಲಿ ನಿಲ್ಲಿಸಿ ಪ್ರವಾಹವನ್ನು ಓದಬೇಕು. ಅದು 9.4 ಮಿಲಿಆಂಪಿಯರ್ ಎಂದಿಟ್ಟುಕೊಳ್ಳೋಣ. ಅನಂತರ ಗ್ರಿಡ್ಡನ್ನು ಋಣ 8 ವೋಲ್ಟಿಗೆ ತಂದಾಗ ಪ್ರವಾಹ 11.6 ಆಯಿತು. ವ್ಯತ್ಯಾಸ 2.2, ವಾಹಕತೆ ವೋಲ್ಟಿಗೆ 2.2 ಮಿಲಿಆಂಪಿಯರ್.

ಲೆಕ್ಕ ಸುಲಭ, ತೊಡಕು ಇರುವುದು ಅಳತೆಯಲ್ಲಿ. ಎರಡು ದೊಡ್ಡ ಅಂಕಿಗಳ ನಡುವಿನ ಸಣ್ಣ ವ್ಯತ್ಯಾಸವನ್ನು ನಾವು ಹಿಡಿಯಬೇಕಾಗಿದೆ. ಒಂದೊಂದು ಓದಿನಲ್ಲಿ 0.1 ಮಿಲಿಆಂಪಿಯರ್ ತಪ್ಪಿದರೂ ವ್ಯತ್ಯಾಸದಲ್ಲಿ 0.2ರವರೆಗೆ, ಎಂದರೆ ಶೇಕಡ 9ರಷ್ಟು, ತಪ್ಪು ಬರಬಹುದು. ಎರಡು ಓದುಗಳ ನಡುವೆ ಮನೆಯ ವಿದ್ಯುತ್ತು ಶೇಕಡ 1ರಷ್ಟು ಏರಿದರೆ ಆನೋಡಿನ ವಿಭವ 2.5 ವೋಲ್ಟ್ ಏರುತ್ತದೆ. ಪ್ರವಾಹ ತಾನಾಗಿಯೇ 0.3 ಮಿಲಿಆಂಪಿಯರಿಗೂ ಮಿಕ್ಕಿ ಹೆಚ್ಚುತ್ತದೆ. ಗ್ರಿಡ್ ಮಾಡದ ಕೆಲಸವನ್ನು ಗ್ರಿಡ್ಡಿನ ಲೆಕ್ಕಕ್ಕೆ ಬರೆದಂತಾಯಿತು.

ಎರಡನೆಯ ವಿಧಾನ

ಗ್ರಿಡ್ಡಿನ ಸ್ಥಿರ ವಿಭವದ ಮೇಲೆ ಒಂದು ಸಣ್ಣ ಪರ್ಯಾಯ ವಿಭವವನ್ನು ಏರಿಸಿದರೆ ಈ ತೊಂದರೆ ತಪ್ಪುತ್ತದೆ. ಆಗ ಗ್ರಿಡ್ ಸೆಕೆಂಡಿಗೆ ಸಾವಿರ ಬಾರಿ ಮೇಲೆ ಕೆಳಗೆ ತೂಗುತ್ತದೆ. ಆನೋಡಿನ ಪ್ರವಾಹವೂ ಅದರೊಡನೆ ತೂಗುತ್ತದೆ. ಆ ತೂಗಾಟವನ್ನು ಮಾತ್ರ ಬೇರ್ಪಡಿಸಿ ಅಳೆದರೆ ಸಾಕು. ನಿಧಾನವಾಗಿ ಏರಿಳಿಯುವ ಮನೆಯ ವಿದ್ಯುತ್ತಿನ ದೋಷ ಅದರಲ್ಲಿ ಹೆಚ್ಚಾಗಿ ಸೇರುವುದಿಲ್ಲ. ಅಮೆರಿಕದ ಜಾನ್ ಮಿಲ್ಲರ್ 1918ರಲ್ಲಿಯೇ ವಾಲ್ವಿನ ಗುಣಗಳನ್ನು ಪರ್ಯಾಯ ವಿಭವದಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದ್ದನು. ಟೆಲಿಫೋನಿನ ಕಿವಿಗೊಳವೆಯಲ್ಲಿ ಶಬ್ದ ಅಡಗುವವರೆಗೆ ರೋಧಗಳನ್ನು ಹೊಂದಿಸಿ ಅಳತೆಯನ್ನು ಪಡೆಯುವುದು ಆ ಕಾಲದ ರೂಢಿ. ನಾವು ಕಿವಿಗೆ ಬದಲಾಗಿ ಮೀಟರನ್ನು ಬಳಸೋಣ.

ಗ್ರಿಡ್ಡಿಗೆ 0.1 ವೋಲ್ಟ್ ಪರ್ಯಾಯ ವಿಭವವನ್ನು ಕೊಟ್ಟು, ಆನೋಡಿನ ದಾರಿಯಲ್ಲಿ 100 ಓಮಿನ ರೋಧಕವನ್ನಿಡೋಣ. ವಾಹಕತೆ 2.2 ಆದರೆ ಪರ್ಯಾಯ ಪ್ರವಾಹ 0.22 ಮಿಲಿಆಂಪಿಯರ್, ಅದು 100 ಓಮಿನಲ್ಲಿ ಹರಿದು 22 ಮಿಲಿವೋಲ್ಟ್ ಉಂಟುಮಾಡುತ್ತದೆ. ಹೀಗಾಗಿ ಮೀಟರಿನ ಮಿಲಿವೋಲ್ಟನ್ನು 10ರಿಂದ ಭಾಗಿಸಿದರೆ ವಾಹಕತೆ ನೇರವಾಗಿ ದೊರೆಯುತ್ತದೆ.

ಈ ಸಂಖ್ಯೆಗಳನ್ನು ಆರಿಸಿರುವುದಕ್ಕೆ ಕಾರಣಗಳಿವೆ. ರೋಧಕ ದೊಡ್ಡದಾದರೆ ಆನೋಡಿನ ವಿಭವವೂ ತೂಗತೊಡಗುತ್ತದೆ. ಅದು ಸ್ಥಿರವಾಗಿರಬೇಕೆಂಬ ನಿಯಮ ಮುರಿದುಹೋಗುತ್ತದೆ. 100 ಓಮ್ ಎಂಬುದು ವಾಲ್ವಿನ 7,700 ಓಮಿನ ಮುಂದೆ ಶೇಕಡ 1.3 ಮಾತ್ರ, ತಪ್ಪೂ ಅಷ್ಟೇ. ಗ್ರಿಡ್ಡಿನ ತೂಗಾಟ ದೊಡ್ಡದಾದರೆ ಬಾಗಿದ ಗುಣರೇಖೆಯ ಸರಾಸರಿ ಬರುವುದೇ ಹೊರತು ಆ ಬಿಂದುವಿನ ಇಳಿಜಾರು ಬರುವುದಿಲ್ಲ. ಬಹು ಚಿಕ್ಕದಾದರೆ ಗದ್ದಲದಲ್ಲಿ ಕಾಣದಾಗುವುದು. 50 ಹರ್ಟ್ಸಿಗೆ ಬದಲು 1,000 ಹರ್ಟ್ಸ್ ಆರಿಸಿದ್ದು ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯಿಂದ ನಮ್ಮ ಸ್ವರವನ್ನು ಬೇರ್ಪಡಿಸಿ ಗುರುತಿಸುವುದಕ್ಕಾಗಿ.

ಮಂಡಲದ ರಚನೆ

1. ಕಾಯಿಸುವ ತಂತಿ: 4 ಮತ್ತು 5ನೆಯ ಕಾಲುಗಳನ್ನು ಒಂದುಗೂಡಿಸಿ, ಅವುಗಳಿಗೂ 9ನೆಯ ಕಾಲಿಗೂ ನಡುವೆ 6.3 ವೋಲ್ಟ್ ಕೊಡಬೇಕು. ಇದಕ್ಕೆ 0.3 ಆಂಪಿಯರ್ ಬೇಕಾಗುತ್ತದೆ.

2. ಕ್ಯಾಥೋಡ್: 3ನೆಯ ಕಾಲನ್ನು ನೇರವಾಗಿ ಭೂತಂತಿಗೆ ಸೇರಿಸಬೇಕು. ಇಲ್ಲಿ ರೋಧಕವನ್ನಿಟ್ಟರೆ, ಮೇಲೆ ಹೇಳಿದ ರೋಗಪದರವನ್ನು ನಾವೇ ಕೈಯಾರೆ ಸೇರಿಸಿದಂತಾಗುವುದು. ಪರೀಕ್ಷೆಗೆ ಒಳಗಾಗದ ಎರಡನೆಯ ಟ್ರಯೋಡಿನ 6, 7, 8ನೆಯ ಕಾಲುಗಳನ್ನೂ ಭೂತಂತಿಗೆ ಕಟ್ಟಬೇಕು.

3. ಗ್ರಿಡ್ಡಿನ ಸ್ಥಿರ ವಿಭವ: 9 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಧನಧ್ರುವವನ್ನು ಭೂತಂತಿಗೆ ಸೇರಿಸಬೇಕು. ಬ್ಯಾಟರಿಗಳ ಅಡ್ಡವಾಗಿ, ರೇಡಿಯೋದ ವಾಲ್ಯೂಮ್ ಕಂಟ್ರೋಲಿನಂಥ 50,000 ಓಮಿನ ತಿರುಗುರೋಧಕ. ಅದರ ನಡುಗಾಲಿನಿಂದ 4,70,000 ಓಮಿನ ರೋಧಕದ ಮೂಲಕ, ಆಮೇಲೆ 1,000 ಓಮಿನ ಇನ್ನೊಂದು ರೋಧಕದ ಮೂಲಕ 2ನೆಯ ಕಾಲಿಗೆ ತಂತಿ ಹೋಗಬೇಕು. ಈ 1,000 ಓಮನ್ನು ವಾಲ್ವಿನ ಕಾಲಿಗೆ ಅಂಟಿಕೊಂಡಂತೆ ಬೆಸುಗೆ ಹಾಕಿದರೆ ವಾಲ್ವು ತಾನಾಗಿಯೇ ಕಂಪಿಸತೊಡಗುವ ಚಾಳಿ ತಪ್ಪುತ್ತದೆ.

4. ಪರ್ಯಾಯ ವಿಭವ: 1,000 ಹರ್ಟ್ಸ್ ಸ್ವರಜನಕದ ಹೊರತಂತಿಗೆ 1,000 ಓಮ್ ಮತ್ತು 100 ಓಮ್ ರೋಧಕಗಳನ್ನು ಸಾಲಾಗಿ ಕಟ್ಟಿ, 100 ಓಮಿನ ಕೆಳತುದಿಯನ್ನು ಭೂತಂತಿಗೆ ಸೇರಿಸಬೇಕು. ಎರಡೂ ಕೂಡುವೆಡೆಯಿಂದ 0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಕಂಡೆನ್ಸರಿನ ಮೂಲಕ, 4,70,000 ಓಮೂ 1,000 ಓಮೂ ಕೂಡುವ ಬಿಂದುವಿಗೆ ಸ್ವರವನ್ನು ಒಯ್ಯಬೇಕು. ಸ್ವರಜನಕವಿಲ್ಲದಿದ್ದರೆ ಬಳಕೆ ತಪ್ಪಿದ ಹಳೆಯ ಫೋನಿನಿಂದಲೂ ಈ ಸ್ವರವನ್ನು ಪಡೆಯಬಹುದು.

5. ಆನೋಡ್: ಸರಬರಾಜಿನ ಧನತಂತಿಯಿಂದ ಮೊದಲು 50 ಮಿಲಿಆಂಪಿಯರಿನ ಫ್ಯೂಸ್, ಅನಂತರ 25 ಮಿಲಿಆಂಪಿಯರಿನ ಮೀಟರು, ಆಮೇಲೆ 100 ಓಮಿನ ರೋಧಕ, ಕೊನೆಗೆ 1ನೆಯ ಕಾಲು. ಮೀಟರೂ 100 ಓಮೂ ಕೂಡುವ ಬಿಂದುವಿನಿಂದ ಭೂತಂತಿಗೆ 47 ಮೈಕ್ರೋಫ್ಯಾರಡ್, 400 ವೋಲ್ಟಿನ ಕಂಡೆನ್ಸರು. 1,000 ಹರ್ಟ್ಸಿನಲ್ಲಿ ಇದರ ತಡೆ 3.4 ಓಮ್ ಮಾತ್ರವಾದ್ದರಿಂದ ಪರ್ಯಾಯ ಪ್ರವಾಹಕ್ಕೆ ಆ ಬಿಂದು ಭೂಮಿಯೇ ಆಗುತ್ತದೆ. ಈ ಕಂಡೆನ್ಸರಿಗೆ ಅಡ್ಡವಾಗಿ 2,20,000 ಓಮ್, 1 ವಾಟಿನ ರೋಧಕ ಕಡ್ಡಾಯ. ಇದರಲ್ಲಿ ಹರಿಯುವ 1.1 ಮಿಲಿಆಂಪಿಯರನ್ನು ಮೀಟರಿನ ಓದಿನಿಂದ ಕಳೆಯಬೇಕು.

6. ಓದುವ ತಂತಿ: 1ನೆಯ ಕಾಲಿನಿಂದ 0.47 ಮೈಕ್ರೋಫ್ಯಾರಡ್, 630 ವೋಲ್ಟಿನ ಕಂಡೆನ್ಸರು, ಅದರ ಮುಂದೆ 1,000 ಓಮ್, ಅಲ್ಲಿಂದ ಮಿಲಿವೋಲ್ಟ್ ಮೀಟರು. ಮೀಟರಿಗೆ ಅಡ್ಡವಾಗಿ 10 ಲಕ್ಷ ಓಮಿನ ರೋಧಕವನ್ನೂ, ಎದುರುಬದುರಾಗಿ ಕಟ್ಟಿದ ಎರಡು ಚಿಕ್ಕ ಸಿಲಿಕನ್ ಡಯೋಡುಗಳನ್ನೂ ಇಡಬೇಕು. ಸ್ವಿಚ್ಚು ಹಾಕಿದ ಕ್ಷಣದಲ್ಲಿ ನುಗ್ಗುವ ವಿಭವದಿಂದ ಡಯೋಡುಗಳು ಮೀಟರನ್ನು ಕಾಪಾಡುತ್ತವೆ. ಸ್ವರದ ಕಡೆಯ 100 ಓಮಿಗೂ ಇಂಥದೇ ಜೋಡಿ ಡಯೋಡುಗಳಿದ್ದರೆ ಒಳ್ಳೆಯದು.

ಮಿಲಿವೋಲ್ಟ್ ಮೀಟರು 1,000 ಹರ್ಟ್ಸಿನಲ್ಲಿ ಇಪ್ಪತ್ತು ಮಿಲಿವೋಲ್ಟನ್ನು ಸರಿಯಾಗಿ ಓದುವಂಥದಾಗಿರಬೇಕು. ಅತ್ಯಂತ ಅಗ್ಗದ ಮಲ್ಟಿಮೀಟರುಗಳಿಗೆ ಈ ಶಕ್ತಿಯಿಲ್ಲ.

ಎಚ್ಚರಿಕೆ

250 ವೋಲ್ಟಿನ ಏಕಮುಖ ವಿದ್ಯುತ್ತು ಪ್ರಾಣವನ್ನು ತೆಗೆಯಬಲ್ಲದು. ಪ್ರೌಢಶಾಲೆಯ ವಿದ್ಯಾರ್ಥಿಗಳು ಅಧ್ಯಾಪಕರು ಪಕ್ಕದಲ್ಲಿಲ್ಲದೆ ಈ ಮಂಡಲಕ್ಕೆ ವಿದ್ಯುತ್ತನ್ನು ಕೊಡಲೇಬಾರದು. ಮನೆಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿಲ್ಲದೆ ನೇರವಾಗಿ ಬಳಸಲೇಬಾರದು. ಪ್ರಯೋಗಶಾಲೆಯಲ್ಲಿ ದೊರೆಯುವ, ವಿಭವವನ್ನು ಹೊಂದಿಸಬಲ್ಲ ಸರಬರಾಜೇ ಉತ್ತಮ. ಎಲ್ಲ ಬೆಸುಗೆಗಳೂ ಪೆಟ್ಟಿಗೆಯೊಳಗೆ ಮುಚ್ಚಿರಬೇಕು. ಸ್ವಿಚ್ಚು ಆರಿಸಿದ ಮೇಲೂ 47 ಮೈಕ್ರೋಫ್ಯಾರಡ್ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅಡ್ಡರೋಧಕ ಅದನ್ನು ಸುಮಾರು ಒಂದು ನಿಮಿಷದಲ್ಲಿ ಬರಿದುಮಾಡುತ್ತದೆ. ಆದರೂ ಮೀಟರಿನಿಂದ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಕೈಯಿಡಬೇಕು.

ವಾಲ್ವಿಗೂ ಅಪಾಯವುಂಟು. ಇಸಿಸಿ 82ರ ಒಂದೊಂದು ಆನೋಡೂ ತಾಳಬಲ್ಲ ಶಾಖ 2.75 ವಾಟ್. 250 ವೋಲ್ಟ್, 10.5 ಮಿಲಿಆಂಪಿಯರ್ ಎಂದರೆ 2.6 ವಾಟಿಗೂ ಹೆಚ್ಚು. ನಾವು ಅಂಚಿನಲ್ಲಿಯೇ ಇದ್ದೇವೆ. ಗ್ರಿಡ್ಡಿನ ಬ್ಯಾಟರಿ ಕಳಚಿಕೊಂಡರೆ ಪ್ರವಾಹ ಮೇಲಕ್ಕೆ ಹಾರಿ ಆನೋಡ್ ಕೆಂಪಾಗುವುದು. ಆದುದರಿಂದ ಗ್ರಿಡ್ಡಿನ ವಿಭವ ಮೊದಲು, ಆನೋಡಿನ ವಿಭವ ಅನಂತರ. ಆರಿಸುವಾಗ ಇದರ ವಿಲೋಮ.

ಅಳತೆಯ ಕ್ರಮ

ಮೊದಲು ತಣ್ಣಗಿರುವ ವಾಲ್ವಿನ 1, 2, 3ನೆಯ ಕಾಲುಗಳು ಒಳಗೆ ಒಂದಕ್ಕೊಂದು ತಗುಲಿಲ್ಲವೆಂದು ಓಮ್‌ಮೀಟರಿನಿಂದ ನೋಡಬೇಕು. ಬಳಿಕ ವಾಲ್ವನ್ನು ಕಾಯಿಸಿ, ಗ್ರಿಡ್ಡನ್ನು ಋಣ 15 ವೋಲ್ಟಿಗೆ ತಂದು, ಆನೋಡಿನ ವಿಭವವನ್ನು ಮೆಲ್ಲಗೆ ಏರಿಸಬೇಕು. 250 ವೋಲ್ಟ್ ತಲಪಿದ ಮೇಲೆ ಗ್ರಿಡ್ಡನ್ನು ಋಣ 8.5ಕ್ಕೆ ಇಳಿಸಬೇಕು. ಐದು ನಿಮಿಷ ಕಾದರೆ ಪ್ರವಾಹ ನೆಲೆಗೊಳ್ಳುತ್ತದೆ. ಸ್ವರವಿಲ್ಲದಾಗ ಮಿಲಿವೋಲ್ಟ್ ಮೀಟರು 1 ಅಥವಾ 2ಕ್ಕಿಂತ ಹೆಚ್ಚು ತೋರಿಸಬಾರದು. ಈಗ ಸ್ವರವನ್ನು ಕೊಟ್ಟು, ಸ್ವರದ ಕಡೆಯ 100 ಓಮಿನಲ್ಲಿ 100 ಮಿಲಿವೋಲ್ಟ್ ಬರುವಂತೆ ಹೊಂದಿಸಿ, ಆನೋಡಿನ ಕಡೆಯ ಮಿಲಿವೋಲ್ಟನ್ನು ಓದಬೇಕು.

ಈ ಎರಡು ಓದುಗಳನ್ನೂ ಒಂದೇ ಮೀಟರಿನಿಂದ, ಒಂದೇ ಆವರ್ತದಲ್ಲಿ ಪಡೆಯುವುದು ಲೇಸು. ನಮಗೆ ಬೇಕಾಗಿರುವುದು ಅವೆರಡರ ಅನುಪಾತ. ತೂಕ ತಪ್ಪಿದ ಬಟ್ಟಿನಿಂದಲೇ ಎರಡು ಮೂಟೆಗಳನ್ನು ತೂಗಿದರೂ ಒಂದು ಇನ್ನೊಂದರ ಎಷ್ಟು ಪಾಲು ಎಂಬುದು ಸರಿಯಾಗಿಯೇ ತಿಳಿಯುವುದು. ಹಾಗೆಯೇ ಮೀಟರು ಶೇಕಡ 5ರಷ್ಟು ಕಡಮೆ ತೋರಿಸುವಂಥದಾದರೂ ಎರಡೂ ಓದುಗಳಲ್ಲಿ ಆ ದೋಷ ಸಮವಾಗಿದ್ದರೆ ಅದು ಹೊಡೆದುಹೋಗುವುದು. ಉಳಿಯುವ ಹೊಣೆಯೆಲ್ಲ ಆನೋಡಿನ 100 ಓಮಿನದು. ಅದು ಶೇಕಡ 1ರ ನಿಖರತೆಯದಾಗಿರಲಿ.

ಅಳತೆಗೆ ಸಾಕ್ಷಿ

ನಾವು ಕಟ್ಟಿದ ಮಂಡಲ ನಿಜ ಹೇಳುತ್ತಿದೆಯೆಂದು ನಂಬುವುದು ಹೇಗೆ? ಇದಕ್ಕೆ ವಾಲ್ವಿನ ಶಾಸ್ತ್ರವೇ ಒಂದು ದಾರಿಯನ್ನು ಒದಗಿಸಿದೆ. ಪರಸ್ಪರ ವಾಹಕತೆಯನ್ನು ಆಂತರಿಕ ರೋಧದಿಂದ ಗುಣಿಸಿದರೆ ವರ್ಧನಾಂಕ ಬರಬೇಕು. ಜರ್ಮನಿಯ ಬಾರ್ಕ್‌ಹೌಸನ್ನನ ಹೆಸರಿನಲ್ಲಿ ಪ್ರಸಿದ್ಧವಾದ ಸಂಬಂಧವಿದು.

ಸ್ವರವನ್ನು ನಿಲ್ಲಿಸಿ, ಆನೋಡಿನ ವಿಭವವನ್ನು 245ರಿಂದ 255ಕ್ಕೆ ಏರಿಸೋಣ. ಪ್ರವಾಹ ಸುಮಾರು 1.3 ಮಿಲಿಆಂಪಿಯರ್ ಹೆಚ್ಚಬೇಕು. 10 ವೋಲ್ಟನ್ನು ಅದರಿಂದ ಭಾಗಿಸಿದರೆ ಆಂತರಿಕ ರೋಧ. ಈಗ ಪ್ರವಾಹ ಮೊದಲಿನ ಅಂಕಿಗೆ ಮರಳುವವರೆಗೆ ಗ್ರಿಡ್ಡನ್ನು ಇನ್ನಷ್ಟು ಋಣಮಾಡೋಣ. ಅದಕ್ಕೆ ಸುಮಾರು 0.6 ವೋಲ್ಟ್ ಬೇಕಾಗುವುದು. 10ನ್ನು ಅದರಿಂದ ಭಾಗಿಸಿದರೆ ವರ್ಧನಾಂಕ. ಹೀಗೆ ಮೂರು ಗುಣಗಳನ್ನೂ ಬೇರೆಬೇರೆಯಾಗಿ ಪಡೆದು ಸಂಬಂಧಕ್ಕೆ ಒಡ್ಡಿ ನೋಡಬೇಕು. ಒಂದರ ಗುಣಲಬ್ಧ ಮತ್ತೊಂದಕ್ಕೆ ಶೇಕಡ 10ರೊಳಗೆ ಹೊಂದಿದರೆ ಮಂಡಲವನ್ನು ನಂಬಬಹುದು. ಹೊಂದದಿದ್ದರೆ ವಾಲ್ವನ್ನು ದೂರುವ ಮೊದಲು ಬೆಸುಗೆಗಳನ್ನು ನೋಡಬೇಕು.

ಬಂದ ಅಂಕಿಯ ಅರ್ಥ

ಹೊಸ ವಾಲ್ವುಗಳಲ್ಲಿಯೂ ಒಂದಕ್ಕೊಂದಕ್ಕೆ ಅಂತರವಿರುತ್ತದೆ. ಆದಕಾರಣ 2.2ಕ್ಕೆ ಬದಲು 2.0 ಬಂದರೆ ಚಿಂತೆಯಿಲ್ಲ. ಪಟ್ಟಿಯ ಅಂಕಿಯ ಮೂರರಲ್ಲಿ ಎರಡು ಪಾಲಿಗಿಂತ ಕೆಳಗಿಳಿದರೆ ವಾಲ್ವು ಬಳಲಿದೆಯೆಂದು ತಿಳಿಯುವುದು ವಾಡಿಕೆ. ವಾಹಕತೆಯೊಡನೆ ಆನೋಡಿನ ವಿಭವವನ್ನೂ ಪ್ರವಾಹವನ್ನೂ ಬರೆದಿಡಬೇಕು. ಏಕೆಂದರೆ ಪ್ರವಾಹ ಇಳಿದರೆ ವಾಹಕತೆಯೂ ಇಳಿಯುವುದು ವಾಲ್ವಿನ ಸ್ವಭಾವ. ಅಮೆರಿಕದ ಹಿಕಾಕ್ ಕಂಪೆನಿಯ ಹೆಸರಾಂತ ಪರೀಕ್ಷಾಯಂತ್ರಗಳು ವಾಹಕತೆಯನ್ನು ಮುಳ್ಳಿನಿಂದಲೇ ತೋರಿಸುತ್ತಿದ್ದವು. ಆದರೆ ಅವು ಆನೋಡಿಗೆ ಸೋಸದ, ಮಿಡಿಯುವ ವಿಭವವನ್ನು ಕೊಡುತ್ತಿದ್ದುದರಿಂದ ಅವುಗಳ ಅಂಕಿಯನ್ನು ನಮ್ಮ ಅಂಕಿಯೊಡನೆ ನೇರವಾಗಿ ಹೋಲಿಸುವಂತಿಲ್ಲ.

ಇನ್ನೆರಡು ಪರೀಕ್ಷೆಗಳು ಇದೇ ಮಂಡಲದಲ್ಲಿ ಸಾಧ್ಯ. ಮೊದಲನೆಯದು, ಕಾಯಿಸುವ ವಿಭವವನ್ನು 6.3ರಿಂದ 5.7ಕ್ಕೆ ಇಳಿಸಿ ನೋಡುವುದು. ಒಳ್ಳೆಯ ಕ್ಯಾಥೋಡಿನ ಸುತ್ತ ಎಲೆಕ್ಟ್ರಾನುಗಳ ಮೋಡ ದಟ್ಟವಾಗಿರುತ್ತದೆ. ತುಂಬಿದ ಕೆರೆಯಿಂದ ಸ್ವಲ್ಪ ನೀರು ತೆಗೆದರೂ ತೂಬಿನ ಹರಿವು ಕುಗ್ಗದಂತೆ, ವಾಹಕತೆ ಅಷ್ಟಾಗಿ ಇಳಿಯುವುದಿಲ್ಲ. ಸವೆದ ಕ್ಯಾಥೋಡಿನಲ್ಲಿಯಾದರೋ ಅದು ಬೇಗನೆ ಕುಸಿಯುತ್ತದೆ. ಇಂದು ಸರಿಯಾಗಿ ಕಾಣುವ ವಾಲ್ವು ಇನ್ನು ಹೆಚ್ಚು ದಿನ ಬಾಳದು ಎಂಬ ಮುನ್ಸೂಚನೆಯಿದು.

ಎರಡನೆಯದು, ಬುರುಡೆಯೊಳಗೆ ಅನಿಲ ಸೇರಿದೆಯೇ ಎಂಬ ಪರೀಕ್ಷೆ. 4,70,000 ಓಮಿನ ರೋಧಕದ ಎರಡು ತುದಿಗಳನ್ನೂ ಒಂದು ಒತ್ತುಸ್ವಿಚ್ಚಿನಿಂದ ಕೂಡಿಸಿದಾಗ ಆನೋಡಿನ ಪ್ರವಾಹ ಬದಲಾಗಬಾರದು. ಒಳಗೆ ಅನಿಲವಿದ್ದರೆ ಅದರ ಧನ ಅಯಾನುಗಳು ಗ್ರಿಡ್ಡಿಗೆ ಬಂದು ಸೇರುತ್ತವೆ. 1 ಮೈಕ್ರೋಆಂಪಿಯರಿನಷ್ಟು ಅಲ್ಪ ಪ್ರವಾಹವೂ ಆ ರೋಧಕದಲ್ಲಿ 0.47 ವೋಲ್ಟ್ ಉಂಟುಮಾಡಿ, ಆನೋಡಿನ ಪ್ರವಾಹವನ್ನು ಸುಮಾರು 1 ಮಿಲಿಆಂಪಿಯರ್ ಏರಿಸಿರುತ್ತದೆ. ಸ್ವಿಚ್ಚನ್ನು ಒತ್ತಿದೊಡನೆ ಮುಳ್ಳು ಕೆಳಗಿಳಿದರೆ ಆ ವಾಲ್ವಿನ ನಿರ್ವಾತ ಕೆಟ್ಟಿದೆಯೆಂದು ತಿಳಿಯಬೇಕು.

ಇಷ್ಟನ್ನು ಮಾಡಿದ ವಿದ್ಯಾರ್ಥಿಗೆ ಒಂದು ವಾಲ್ವಿನ ಬೆಲೆಗಿಂತ ದೊಡ್ಡ ಲಾಭವುಂಟು. ಇಂದಿನ ಗಣಕಗಳಲ್ಲಿ ಕೋಟಿಗಟ್ಟಲೆ ಸಂಖ್ಯೆಯಲ್ಲಿರುವ ಕ್ಷೇತ್ರಪರಿಣಾಮದ ಟ್ರಾನ್ಸಿಸ್ಟರುಗಳಲ್ಲಿಯೂ ಒಂದು ಧ್ರುವದ ವಿಭವ ಮತ್ತೊಂದರ ಪ್ರವಾಹವನ್ನು ಆಳುತ್ತದೆ. ಅವುಗಳ ಶಕ್ತಿಯನ್ನೂ ಎಂಜಿನಿಯರುಗಳು ಪರಸ್ಪರ ವಾಹಕತೆಯಿಂದಲೇ ಲೆಕ್ಕಹಾಕುತ್ತಾರೆ. ಸ್ಥಿರ ವಿಭವದ ಮೇಲೆ ಸಣ್ಣ ಸ್ವರವನ್ನೇರಿಸುವುದು, ಅಳೆಯುವ ಉಪಕರಣವೇ ಅಳತೆಯನ್ನು ಕೆಡಿಸದಂತೆ ನೋಡಿಕೊಳ್ಳುವುದು, ಬಂದ ಅಂಕಿಯನ್ನು ಮತ್ತೊಂದು ದಾರಿಯಿಂದ ಪರೀಕ್ಷಿಸುವುದು ಎಂಬ ಮೂರು ಕ್ರಮಗಳು ಅಲ್ಲಿಯೂ ಹೀಗೆಯೇ ನಡೆಯುತ್ತವೆ. ಆನೋಡಿನ 250 ವೋಲ್ಟಿಗೆ ಅಂಜುವ ವಿದ್ಯಾರ್ಥಿಗಳು ಇದೇ ವಿಧಾನವನ್ನು ಮೊದಲು 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಒಂದು ಕ್ಷೇತ್ರಪರಿಣಾಮದ ಟ್ರಾನ್ಸಿಸ್ಟರಿನಲ್ಲಿ ಮಾಡಿ ಕೈ ಪಳಗಿಸಿಕೊಂಡು, ಆಮೇಲೆ ಅಧ್ಯಾಪಕರ ಸಮ್ಮುಖದಲ್ಲಿ ವಾಲ್ವಿಗೆ ಬರಬಹುದು.